ಏಳನೆಯ ತರಗತಿಯ ಹುಡುಗನಿಗೆ ಯಾವ ಕನ್ನಡ ಪುಸ್ತಕ?

ಪಳನಿಗೆ ಹೋಗಿ ಬರುವ ಕಾಸರಗೋಡಿನವರಲ್ಲಿ ಹಲವರು ಮಡತ್ತುಕುಳಂ ಎಂಬ ಹೆಸರನ್ನು ರೈಲು ನಿಲ್ದಾಣದ ಹಲಗೆಯ ಮೇಲೆ ಓದಿರಬಹುದು. ಪಾಲಕ್ಕಾಡಿನಿಂದ ಪೊಳ್ಳಾಚಿ, ಉಡುಮಲೆಪೇಟೆ ದಾಟಿ, ಪಳನಿ ಮುಟ್ಟುವ ಮೊದಲು ಸಿಗುವ ಊರದು. ಅಮರಾವತಿ ನದಿಯ ಬಯಲು. ಮೊದಲು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾದಾಗ ಅತ್ತ ಹೋಯಿತು. ಅಲ್ಲಿ ಕನ್ನಡ ಮಾತನಾಡುವ ಮನೆಗಳಿವೆ ಎಂದರೆ ನಮ್ಮವರು ಸುಲಭದಲ್ಲಿ ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಕಡೆಯ ಬ್ಯಾಂಕೊಂದರಲ್ಲಿ ನೌಕರಿಯಲ್ಲಿದ್ದಾನೆ. ಅವನ ಬಾಡಿಗೆ ಮನೆಯ ಯಜಮಾನರು ನೆಯ್ಗೆಯ ವೃತ್ತಿಯ ದೇವಾಂಗರು. ಮನೆ ಸೇರಿದ ಮೊದಲ ದಿನವೇ ಒಳಗಿನಿಂದ ಮುದುಕಿಯೊಬ್ಬರು ಯಾರನ್ನೋ ಕನ್ನಡದಲ್ಲಿ ಗದರಿಸುವುದು ಕೇಳಿ ಇವನು ಬೆಚ್ಚಿಬಿದ್ದನಂತೆ. ಅಲ್ಲಿಂದ ಪರಿಚಯ ಬೆಳೆಯಿತು. ಹೋದ ವರುಷ ಒಂದು ರಾತ್ರಿ ನನಗೆ ಫೋನು ಬಂತು. "ಮಾಷ್ಟ್ರೇ, ಇವರ ಮೊಮ್ಮಗ ಏಳನೆಯ ತರಗತಿ. ಕನ್ನಡ ಮಾತಾಡ್ತಾನೆ, ಓದಲಿಕ್ಕೆ ಒಂದಕ್ಷರ ಬಾರದು. ಮನೆಯಲ್ಲೇ ದಿನಾ ಒಂದು ಗಂಟೆ ಕಲಿಸುವ ಅಂತ ಮಾಡಿದ್ದಾರೆ. ಯಾವ ಪುಸ್ತಕ ತರಿಸಬೇಕು?"

ಇಪ್ಪತ್ತು ವರುಷದಿಂದ ಕನ್ನಡ ಕಲಿಸುವ ನನಗೆ ಇದೊಂದು ಪ್ರಶ್ನೆಯೇ ಅನ್ನಿಸಲಿಲ್ಲ. ಏಳನೆಯ ತರಗತಿಯ ಹುಡುಗನಿಗೆ ಏಳನೆಯ ತರಗತಿಯ ಪುಸ್ತಕ! ಕರ್ನಾಟಕದ ಪ್ರಥಮ ಭಾಷೆಯ ಪಠ್ಯವನ್ನು ಕಟ್ಟಿ ಅಂಚೆಗೆ ಹಾಕಿದೆ. ಜೊತೆಗೆ, ಅಕ್ಷರ ಬಾರದಲ್ಲ ಎಂದು, ಒಂದನೆಯ ತರಗತಿಯ ಪುಸ್ತಕವನ್ನೂ ಸೇರಿಸಿದೆ. ಎರಡೂ ತಪ್ಪಾದವು. ಆ ತಪ್ಪಿನಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಶಾಲೆಯ ನೆರಳಿಲ್ಲದ ಊರುಗಳಲ್ಲಿ ಮಕ್ಕಳಿಗೆ ಮನೆಯಲ್ಲಿ ಕನ್ನಡ ಹೇಳಿಕೊಡುವವರು ನಮ್ಮ ಜಿಲ್ಲೆಯ ಬಂಧುಗಳಲ್ಲಿಯೂ ಕಡಿಮೆಯಿಲ್ಲ.

ಶಾಲೆಯಲ್ಲೇ ಏಕೆ ಕಲಿಯಬಾರದು ಎಂದು ಕೇಳುವವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನವರ ಆಳ್ವಿಕೆಯಲ್ಲಿತ್ತು. ನೆಯ್ಗೆಯ ದೇವಾಂಗರು, ಬೇಸಾಯದ ಒಕ್ಕಲಿಗರು ಅಲ್ಲಿ ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡವರು. ಇಂಗ್ಲಿಷರ ಕಾಲದಲ್ಲಿ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯದೇ ಭಾಗ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಬಂತು. ಅದರ ಹಿಂದಿನ ದಿನದ ತನಕ ನಾವೂ ಅವರೂ ಒಂದೇ ಮದ್ರಾಸು ರಾಜ್ಯದವರು. ನಮಗೆ ಕನ್ನಡ ಶಾಲೆಗಳಾದರೂ ಉಳಿದವು. ಅವರಿಗೆ ಆ ಭಾಗ್ಯವೂ ಇಲ್ಲ. ತಮಿಳುನಾಡಿನಲ್ಲಿ 1968ರಿಂದ ದ್ವಿಭಾಷಾ ನೀತಿ: ತಮಿಳು ಮತ್ತು ಇಂಗ್ಲಿಷ್. 2006ರ ತಮಿಳು ಕಲಿಕೆಯ ಕಾಯಿದೆಯಲ್ಲಿ ಮಾತೃಭಾಷೆ ಬೇರೆಯಿರುವ ಮಕ್ಕಳು ಅದನ್ನು ನಾಲ್ಕನೆಯ ಭಾಗದಲ್ಲಿ ಐಚ್ಛಿಕವಾಗಿ ಕಲಿಯಬಹುದೆಂದಿದೆ. ಆದರೆ ಕಲಿಸಲು ಅಧ್ಯಾಪಕರು ಬೇಡವೆ? ಹೊಸೂರು, ತಾಳವಾಡಿಗಳ ಗಡಿಯಲ್ಲಿ ಕನ್ನಡ ಶಾಲೆಗಳಿವೆ. ಮಡತ್ತುಕುಳಂ ಗಡಿಯಿಂದ ಬಹಳ ಒಳಗೆ. ಸಂವಿಧಾನದ 350ಎ ವಿಧಿಯೂ ಮಾತೃಭಾಷೆಯ ಶಿಕ್ಷಣವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಏಳನೆಯ ತರಗತಿಯ ಹುಡುಗ ಅದರ ಕೈಗೂ ಸಿಗುವುದಿಲ್ಲ. ಉಳಿದದ್ದು ಮನೆ.

ನಗರಗಳಲ್ಲಿ ಈಗ 'ಹೋಂ ಸ್ಕೂಲಿಂಗ್' ಎಂದು ಮಕ್ಕಳನ್ನು ಶಾಲೆಯಿಂದ ಪೂರ್ತಿ ಬಿಡಿಸಿ ಮನೆಯಲ್ಲೇ ಓದಿಸುವ ಪದ್ಧತಿ ಕಾಣಿಸಿಕೊಂಡಿದೆ. ಅಂಥವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿಯಿದೆ. ಅದರ ಹತ್ತನೆಯ ಮಟ್ಟದ ಪರೀಕ್ಷೆಗೆ ಕನ್ನಡವನ್ನೂ ಒಂದು ಭಾಷೆಯಾಗಿ ಆರಿಸಬಹುದು. ನಮ್ಮ ಹುಡುಗನ ವಿಷಯ ಅದಲ್ಲ. ಅವನು ಹಗಲು ತಮಿಳು ಮಾಧ್ಯಮದ ಶಾಲೆಗೆ ಹೋಗುತ್ತಾನೆ, ಚೆನ್ನಾಗಿಯೇ ಓದುತ್ತಾನೆ. ಸಂಜೆಯ ಒಂದು ಗಂಟೆ ಮಾತ್ರ ನಮ್ಮದು. ಆ ಒಂದು ಗಂಟೆಗೆ ಏನನ್ನು ಆರಿಸಬೇಕು?

ನನ್ನ ಕಟ್ಟು ತಲುಪಿ ಒಂದು ತಿಂಗಳಾದ ಮೇಲೆ, ಬೇಸಿಗೆ ರಜೆಯಲ್ಲಿ, ಪಳನಿಗೆ ಹೋದವನು ಅಲ್ಲಿಗೂ ಹೋದೆ. ಹುಡುಗ ಒಂದನೆಯ ತರಗತಿಯ ಪುಸ್ತಕವನ್ನು ಮುಟ್ಟಿರಲಿಲ್ಲ. ಹನ್ನೆರಡು ವರುಷದವನ ಮುಂದೆ ಚೆಂಡು, ಬುಗುರಿಗಳ ಚಿತ್ರದ ಪುಸ್ತಕವಿಟ್ಟರೆ ಅವನಿಗೆ ಅವಮಾನವಾಗದೆ ಇನ್ನೇನಾದೀತು? ತಮ್ಮನಿಗೆ ಕೊಟ್ಟುಬಿಟ್ಟಿದ್ದ. ಏಳನೆಯದನ್ನು ಅವನ ತಂದೆ ನನ್ನ ವಿದ್ಯಾರ್ಥಿಯ ಸಹಾಯದಿಂದ ಓದಿಸಲು ನೋಡಿದ್ದರು. ನಾಲ್ಕು ಸಾಲು ಕೇಳಿದ ಹುಡುಗ ಅಜ್ಜಿಯ ಮುಖ ನೋಡಿ, "ಇದು ನಮ್ಮ ಮಾತಲ್ಲ" ಅಂದನಂತೆ. ಅಜ್ಜಿಯೂ, "ಅವರದು ಶುದ್ಧ, ನಮ್ಮದು ಹಾಳು ಕನ್ನಡ" ಎಂದು ಒಳಗೆ ಹೋದರಂತೆ.

ಈ ಮಾತು ನನಗೆ ನಾಟಿತು. ಅಜ್ಜಿಯ ಕನ್ನಡದಲ್ಲಿ ತಮಿಳು ಶಬ್ದಗಳು ಧಾರಾಳವಾಗಿ ಸೇರಿವೆ ನಿಜ. ಆದರೆ ಕ್ರಿಯಾಪದ ಕನ್ನಡದ್ದು, ಲೆಕ್ಕ ಕನ್ನಡದ್ದು, ಬೈಗಳು ಕನ್ನಡದ್ದು, ಚೌಡೇಶ್ವರಿಯೆದುರು ನಿಂತು ಹೇಳಿಕೊಳ್ಳುವ ಕಷ್ಟಸುಖ ಕನ್ನಡದ್ದು. ಒಂದಕ್ಷರ ಓದದೆ, ಒಂದು ಸರಕಾರಿ ಕಾಸಿನ ಸಹಾಯವಿಲ್ಲದೆ ಇಷ್ಟು ಕಾಲ ಉಳಿದ ಮಾತನ್ನು ನಾನು ಕಳುಹಿಸಿದ ಪುಸ್ತಕ ಒಂದೇ ಸಂಜೆಯಲ್ಲಿ 'ಹಾಳು' ಮಾಡಿಬಿಟ್ಟಿತ್ತು. ಕಾಸರಗೋಡಿನ ನಾವಾದರೂ ಮನೆಯಲ್ಲಿ ತುಳುವೋ, ಹವ್ಯಕ ಕನ್ನಡವೋ, ಕೊಂಕಣಿಯೋ, ಮರಾಟಿಯೋ ಆಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತವರು. ನಮಗೆ ಆ ಎರಡರ ನಡುವೆ ಸೇತುವೆಯಾಗಿ ಹತ್ತು ವರುಷ ಶಾಲೆಯಿತ್ತು. ಆ ಹುಡುಗನಿಗೆ ದಿನಕ್ಕೆ ಒಂದು ಗಂಟೆ.

ಆದುದರಿಂದ ಪುಸ್ತಕವನ್ನು ತರಗತಿಯ ಅಂಕೆ ನೋಡಿ ಆರಿಸಬಾರದು, ಮಗುವಿನ ಬಾಯಿ ನೋಡಿ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ. ಅವನ ಮೊದಲ ಪುಸ್ತಕ ಅಂಗಡಿಯಲ್ಲಿ ಸಿಗುವುದಲ್ಲ. ಒಂದು ನೋಟುಬುಕ್ಕು ತರಿಸಿ, ಅಜ್ಜಿ ಹೇಳಿದ ಐದು ವಾಕ್ಯಗಳನ್ನು ದಿನಾ ಬರೆಯಲು ಹೇಳಿದೆ. ಯಾವ ಲಿಪಿಯಲ್ಲಿ? ಮೊದಲು ಅವನಿಗೆ ಬರುವ ತಮಿಳು ಲಿಪಿಯಲ್ಲಿಯೇ. ನಮ್ಮಲ್ಲಿ ಕೆಲವರಿಗೆ ಇದು ಅಪಚಾರವಾಗಿ ಕಾಣಬಹುದು. ಕಾಣಲಿ. ಕೆಳಗಿನ ಸಾಲಿನಲ್ಲಿ ಅದೇ ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಇಳಿಸಬೇಕು, ಅಷ್ಟೆ.

ಇಲ್ಲಿ ತಮಿಳು ಓದಿದ ಹುಡುಗನಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ನಾವು ಮರೆಯುತ್ತೇವೆ. ಸ್ವರಗಳ ಕ್ರಮ ಅವನಿಗೆ ಗೊತ್ತು. ಎ-ಏ, ಒ-ಓ ಭೇದವೂ ಗೊತ್ತು. ಹಾಗಾಗಿ ಅ ಆ ಇ ಈ ಎಂದು ಆರಂಭಿಸಿ ಐವತ್ತು ಅಕ್ಷರಗಳನ್ನು ತಿಂಗಳುಗಟ್ಟಲೆ ತಿದ್ದಿಸುವ ಅಗತ್ಯವಿಲ್ಲ. ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಸರಿಹೊಂದುವ ಮ, ನ, ಯ, ರ, ಲ, ವ, ಳ, ಣ ಮೊದಲು. ಆಮೇಲೆ ಕ-ಗ, ಚ-ಜ, ಟ-ಡ, ತ-ದ, ಪ-ಬ ಜೋಡಿಗಳು. ತಮಿಳಿನಲ್ಲಿ ಇಂಥ ಜೋಡಿಗೆಲ್ಲ ಒಂದೊಂದೇ ಅಕ್ಷರ. ಹುಡುಗ ತಮಿಳು ಲಿಪಿಯಲ್ಲಿ ಬರೆದಾಗ 'ಕಂಡ'ನೂ 'ಗಂಡ'ನೂ ಒಂದೇ ಆಗಿ ಕುಳಿತಿದ್ದರು. ಬಾಯಲ್ಲಿ ಮಾತ್ರ ಅವನಿಗೆ ಆ ಭೇದ ಸ್ಪಷ್ಟ. ಅದಕ್ಕೆ ಬೇರೆ ಬೇರೆ ಅಕ್ಷರವಿದೆ ಎಂದು ತೋರಿಸಿದಾಗ ಅವನ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ತನ್ನ ಅಜ್ಜಿಯ ಮಾತಿಗೆ ಅಳತೆ ತೆಗೆದು ಹೊಲಿದ ಅಂಗಿಯಂತೆ ಅವನಿಗೆ ಈ ಲಿಪಿ ಕಂಡಿತು. ಒತ್ತಕ್ಷರ ಅನಂತರ, ತಮಿಳಿನವರು ಚುಕ್ಕಿ ಇಟ್ಟು ಮುಗಿಸುವುದನ್ನು ನಾವು ಕೆಳಗೆ ಇಳಿಸುತ್ತೇವೆ ಎಂದರೆ ಸಾಕು, ಒಂದು ವಾರದ ಕೆಲಸ. ಮಹಾಪ್ರಾಣಗಳು ಎಲ್ಲಕ್ಕಿಂತ ಕೊನೆಗೆ. ಅಜ್ಜಿಯ ಮಾತಿನಲ್ಲಿ ಅವು ಎಲ್ಲಿವೆ!

ಹನ್ನೆರಡರ ಹರೆಯದ ಮಕ್ಕಳಿಗೆ ಸೂತ್ರ ಹುಡುಕುವುದೆಂದರೆ ಇಷ್ಟ. ಪಾಲ್-ಹಾಲು, ಪುಲಿ-ಹುಲಿ, ಪಲ್-ಹಲ್ಲು, ಪತ್ತು-ಹತ್ತು, ಪೂ-ಹೂ ಎಂದು ಐದು ಜೋಡಿ ಬರೆದುಕೊಟ್ಟೆ. ಮರುದಿನ ಹುಡುಗ ಮೂವತ್ತು ಜೋಡಿ ತಂದ. ಅದರಲ್ಲಿ ಐದಾರು ತಪ್ಪು. ತಪ್ಪಾದದ್ದು ಏಕೆ ಎಂದು ಚರ್ಚಿಸುವುದರಲ್ಲಿಯೇ ಸಂಜೆ ಕಳೆಯಿತು. ಯಾವ ಪ್ರಥಮ ಪಾಠ ಪುಸ್ತಕದಲ್ಲಿ ಇಂಥ ಪಾಠವಿದೆ? 'ಮೂವತ್ತು ದಿನಗಳಲ್ಲಿ ಕನ್ನಡ' ಎಂಬ ಬಗೆಯ ತಮಿಳು ಪುಸ್ತಕಗಳನ್ನು ಅಲ್ಲಿನ ಬಸ್ ನಿಲ್ದಾಣದಲ್ಲಿ ನೋಡಿದೆ. ಅವು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ತಕ್ಕವು. ಕನ್ನಡ ಬಾರದವರಿಗೆ ಕನ್ನಡ ಹೇಳಿಕೊಡುತ್ತವೆ. ಈ ಹುಡುಗನಿಗೆ ಕನ್ನಡ ಬರುತ್ತದೆ. ಬಾರದ್ದು ಓದು.

ಎರಡು ತಿಂಗಳ ನೋಟುಬುಕ್ಕಿನ ಮೇಲೆ ಅಚ್ಚಾದ ಪುಸ್ತಕ. ಕರ್ನಾಟಕದ ಪಠ್ಯಪುಸ್ತಕ ಸಂಘದವರ 'ಸಿರಿ ಕನ್ನಡ' ಪ್ರಥಮ ಭಾಷೆಯವರಿಗಾದದ್ದು. ಅದರಲ್ಲಿ ಹೈಸ್ಕೂಲಿಗೆ ಬರುವಾಗ ಹಳಗನ್ನಡವೂ ಎದುರಾಗುತ್ತದೆ. ಅದನ್ನು ಸದ್ಯಕ್ಕೆ ಕಪಾಟಿನಲ್ಲಿ ಇಡಬೇಕು. ದ್ವಿತೀಯ ಭಾಷೆಯವರ 'ತಿಳಿ ಕನ್ನಡ' ಇಂಥ ಮಕ್ಕಳಿಗೆ ಹೆಚ್ಚು ಹೊಂದುತ್ತದೆ. ಆರನೆಯದರಿಂದ ಹಿಡಿದರೆ ನಡೆಯುತ್ತದೆ. ಸಂಘದ ಜಾಲತಾಣದಲ್ಲಿ ಇವು ಬಿಟ್ಟಿಯಾಗಿ ಸಿಗುತ್ತವೆ. ಸಾವಿರಗಟ್ಟಲೆ ರೂಪಾಯಿ ಕೊಟ್ಟು ಮೊಬೈಲಿನ ಪಾಠಗಳನ್ನು ಕೊಳ್ಳಬೇಕೆ ಎಂದು ತಂದೆ ಕೇಳಿದರು. ಬೇಡವೆಂದೆ. ಅಜ್ಜಿ ಮನೆಯಲ್ಲಿರುವಾಗ ಉಚ್ಚಾರಣೆ ಕಲಿಸಲು ಮೊಬೈಲು ಏಕೆ?

ನಮ್ಮ ಜಿಲ್ಲೆಯ ಓದುಗರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕೇರಳ ಸರಕಾರ ಶಾಲಾ ಪುಸ್ತಕಗಳನ್ನು ಮಲಯಾಳ, ಇಂಗ್ಲಿಷ್ ಅಲ್ಲದೆ ನಮಗಾಗಿ ಕನ್ನಡದಲ್ಲಿಯೂ, ಪಾಲಕ್ಕಾಡು-ಇಡುಕ್ಕಿಯ ತಮಿಳರಿಗಾಗಿ ತಮಿಳಿನಲ್ಲಿಯೂ ಅಚ್ಚು ಹಾಕುತ್ತದೆ. ಅಂದರೆ ಏಳನೆಯ ತರಗತಿಯ ಒಂದೇ ವಿಜ್ಞಾನ ಪಾಠ, ಅದೇ ಚಿತ್ರಗಳೊಡನೆ, ತಮಿಳಿನಲ್ಲೊಂದು ಕನ್ನಡದಲ್ಲೊಂದು ಇದೆ. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟರೆ ತಮಿಳು ಬಲ್ಲ ಹುಡುಗನಿಗೆ ಅದಕ್ಕಿಂತ ಒಳ್ಳೆಯ ನಿಘಂಟು ಬೇಡ. ಪಾಠವೂ ಅವನ ವಯಸ್ಸಿಗೆ ತಕ್ಕದ್ದು. ನಮ್ಮ ಕನ್ನಡ ಅನುವಾದ ಕೆಲವೆಡೆ ಎಷ್ಟು ಗಟ್ಟಿಯಾಗಿದೆಯೆಂದರೆ ಪಾಠ ಮಾಡುವ ನಮಗೇ ಹಲ್ಲು ನೋಯುತ್ತದೆ, ಅದು ಬೇರೆ ಮಾತು. ಆದರೂ ಕಾಸರಗೋಡಿನ ಮಕ್ಕಳ ಪುಸ್ತಕ ತಿರುಪ್ಪೂರು ಜಿಲ್ಲೆಯ ಒಬ್ಬ ಹುಡುಗನಿಗೆ ಒದಗೀತೆಂದು ಅದನ್ನು ಅಚ್ಚು ಹಾಕಿದವರು ಎಣಿಸಿರಲಾರರು.

ಕತೆಗಳಿಗೂ ಇದೇ ಉಪಾಯ. 'ಚಂದಮಾಮ' 1947ರಲ್ಲಿ ಮದ್ರಾಸಿನಿಂದ ತೆಲುಗು, ತಮಿಳುಗಳಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೂ ಬಂದ ಪತ್ರಿಕೆ. ತಮಿಳಿನಲ್ಲಿ ಅದರ ಹೆಸರು 'ಅಂಬುಲಿಮಾಮಾ'. ಪತ್ರಿಕೆ ನಿಂತು ವರುಷಗಳಾದವು. ಹಳೆಯ ಸಂಚಿಕೆಗಳು ನಮ್ಮ ಹಲವು ಮನೆಗಳ ಅಟ್ಟದಲ್ಲಿ ಇನ್ನೂ ಇವೆ. ಬೇತಾಳನ ಕತೆಯನ್ನು ಕನ್ನಡದಲ್ಲಿ ಹುಡುಗ ಓದುವಾಗ, ತಮಿಳಿನಲ್ಲಿ ಹಿಂದೊಮ್ಮೆ ಅದನ್ನು ಓದಿದ್ದ ತಂದೆ ಮುಂದಿನದನ್ನು ಹೇಳುತ್ತಿದ್ದರು. ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್' ಜಾಲತಾಣದಲ್ಲಿಯೂ ಒಂದೇ ಕತೆ ಎರಡು ಭಾಷೆಗಳಲ್ಲಿ ಸಿಗುತ್ತದೆ, ಓದಿನ ಮಟ್ಟ ಗುರುತಿಸಿದ್ದಾರೆ. ಶಿವರಾಮ ಕಾರಂತರ 'ಬಾಲ ಪ್ರಪಂಚ'ವನ್ನು ಒಂದು ವರುಷ ಕಳೆದು ಕೊಡಬೇಕೆಂದಿದ್ದೇನೆ.

ಇಷ್ಟೆಲ್ಲ ಮಾಡಿ ಏನು ಪ್ರಯೋಜನ, ಅಂಕ ಸಿಗುತ್ತದೆಯೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಸಿಗುವುದಿಲ್ಲ. ಅವನು ಒಂಬತ್ತನೆಯದಕ್ಕೆ ಬಂದರೆ ಟ್ಯೂಷನ್ನು, ಪರೀಕ್ಷೆ ಎಂದು ಈ ಸಂಜೆಯ ಗಂಟೆಯೂ ಹೋಗಬಹುದು. ಇರುವುದು ಹೆಚ್ಚೆಂದರೆ ಎರಡು ವರುಷ. ಅಜ್ಜಿಗೆ ಎಂಬತ್ತು ದಾಟಿದೆ. ಮನೆಯ ಮದುವೆಯ ಕಾಗದ ತಮಿಳಿನಲ್ಲಿ, ಅಂಗಡಿಯ ಹಲಗೆ ತಮಿಳಿನಲ್ಲಿ. ಹುಡುಗ ಅಜ್ಜಿಗೆ ಈಗಾಗಲೇ ಅರ್ಧ ಉತ್ತರಗಳನ್ನು ತಮಿಳಿನಲ್ಲಿ ಕೊಡುತ್ತಾನೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದಾಗ ಬೀದಿಗಿಳಿದ ನಾವು, ಅಧ್ಯಾಪಕರೇ ಇಲ್ಲದ ಇವರ ಸುದ್ದಿಯನ್ನು ಎತ್ತಿಲ್ಲ. ಕರ್ನಾಟಕದಲ್ಲಿ ಗಡಿಯವರಿಗೆಂದು ಪ್ರಾಧಿಕಾರವಿದೆ. ಗಡಿಯೂ ಅಲ್ಲದ, ನಾಡೂ ಅಲ್ಲದ ಇಂಥವರು ಯಾವ ಕಡತದಲ್ಲಿ ಬರುತ್ತಾರೆ? ತಮಿಳು ಓದಬಲ್ಲ, ಕನ್ನಡ ಮಾತನಾಡುವ ಮಕ್ಕಳಿಗೆಂದೇ ನೂರು ಪುಟದ ಒಂದು ಪಾಠ ಪುಸ್ತಕ ಬೇಕು. ಎರಡು ಲಿಪಿ, ಎರಡು ಮಾತಿನ ನಡುವೆ ದಿನವೂ ಪಾಠ ಮಾಡುವ ಕಾಸರಗೋಡಿನ ಕನ್ನಡ ಅಧ್ಯಾಪಕರಿಗಿಂತ ಅದನ್ನು ಬರೆಯಲು ಯೋಗ್ಯರು ಬೇರೆಲ್ಲಿದ್ದಾರೆ? ಮುಂದಿನ ಬೇಸಿಗೆಯಲ್ಲಿ ನಾಲ್ಕೈದು ಮಂದಿ ಒಂದು ವಾರ ಕುಳಿತರೆ ಕರಡು ಆದೀತು. ನಾನು ಸಿದ್ಧ.

ಸದ್ಯಕ್ಕೆ ಹುಡುಗನ ಮೂರನೆಯ ನೋಟುಬುಕ್ಕು ನಡೆಯುತ್ತಿದೆ. ಮಗ್ಗ, ನೂಲಿನ ಬಗ್ಗೆ ಅಜ್ಜಿ ಹೇಳಿದ್ದನ್ನು ನಾಲ್ಕು ಪುಟ ಬರೆದು ಕಳುಹಿಸಿದ್ದಾನೆ. ಕಾಗುಣಿತದ ತಪ್ಪು ಹದಿನೇಳು. ಓದುಗರಲ್ಲಿ ಯಾರ ಅಟ್ಟದಲ್ಲಾದರೂ ಹಳೆಯ 'ಚಂದಮಾಮ' ಇದ್ದರೆ ಈ ಪತ್ರಿಕೆಯ ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ಥೈಪೂಯಕ್ಕೆ ಪಳನಿಗೆ ಹೋಗುವ ನಮ್ಮೂರವರ ಕೈಯಲ್ಲಿ ಕಳುಹಿಸುತ್ತೇನೆ.