ನಕ್ಷೆಯ ಕಲೆ ಸಾಕ್ಷಿಯಾಗದು

ಹಾರುವ ತಟ್ಟೆ ಇಳಿಯಿತೆನ್ನಲಾದ ಜಾಗವನ್ನು ಉಪಗ್ರಹ ಚಿತ್ರದಲ್ಲಿ ಹುಡುಕಿದರೆ ಸಾಕು, ದುಂಡನೆಯ ಕಲೆಯೇ ಪುರಾವೆ ಎಂಬ ಲೇಖನವನ್ನು ನಾನು ಒಪ್ಪಲಾರೆ. ಇಂಥ ಗುರುತು ನವಿ ಮುಂಬಯಿಯ ಖಾರಘರದ ಬೆಟ್ಟಸಾಲಿನಲ್ಲೂ ಸಿಗಬಹುದು. ಬೇಸಿಗೆಯಲ್ಲಿ ಬೋಳಾದ ನೆಲ, ಮಳೆಗಾಲದಲ್ಲಿ ಹಸಿರು. ಚಿತ್ರ ತೆಗೆದ ದಿನ ಯಾವುದು? ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳೂ ಇವೆ. ತಟ್ಟೆ ಇಳಿಯಿತೆನ್ನುವ ದಿನಕ್ಕೂ ಮೊದಲೇ ಆ ಕಲೆ ಇತ್ತೇ ಎಂದು ಲೇಖಕರು ನೋಡಲೇ ಇಲ್ಲ.

ದೂರದ ಅಂದಾಜಂತೂ ಕಣ್ಣಿಗೆ ಸಿಕ್ಕುವುದೇ ಇಲ್ಲ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಹಲವೆಡೆ ಜನ ಆಕಾಶದಲ್ಲಿ ಉರಿಯುವ ಸಾಲನ್ನು ಕಂಡರು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ದೊಡ್ಡ ಲೋಹದ ಬಳೆ ಬಿತ್ತು. ಆ ಜಾಗ ಖಾರಘರದಿಂದ ಸುಮಾರು 700 ಕಿ.ಮೀ. ದೂರ! ಆ ಬಳೆ ಚೀನಾದ ಚಾಂಗ್ ಝೆಂಗ್ 3ಬಿ ರಾಕೆಟ್ಟಿನ ಅವಶೇಷವೆಂಬ ಸುಳಿವು ಸಿಕ್ಕಿದ್ದು ಕಕ್ಷೆಯ ಲೆಕ್ಕದಿಂದ, ನೆಲದ ಚಿತ್ರದಿಂದಲ್ಲ.

ನಕ್ಷೆ ಬೇಡವೆನ್ನುತ್ತಿಲ್ಲ. ನೋಡಿದವರು ನಿಂತ ಜಾಗ, ಬೆರಳು ತೋರಿದ ದಿಕ್ಕು, ಬೆಟ್ಟದ ಎತ್ತರ, ಎಲ್ಲಕ್ಕೂ ಅದು ಬೇಕು. ಇಬ್ಬರು ಬೇರೆ ಬೇರೆ ಕಡೆಯಿಂದ ಕಂಡಿದ್ದರೆ ಎರಡು ಗೆರೆ ಎಳೆದು ದೂರವನ್ನೂ ಅಳೆಯಬಹುದು. ಈಗಂತೂ ಖಾರಘರದ ಪಕ್ಕದಲ್ಲೇ ನವಿ ಮುಂಬಯಿ ವಿಮಾನ ನಿಲ್ದಾಣವಿದೆ. ವಿಮಾನಗಳ ಹಾದಿಯನ್ನೂ ನಕ್ಷೆಯ ಮೇಲೆ ಹಾಕಿ ನೋಡಬೇಕು.

ಓದುಗರೇ, ಆಕಾಶದಲ್ಲಿ ಏನಾದರೂ ಕಂಡರೆ ಮೊದಲು ಗಂಟೆ, ನಿಮಿಷ, ದಿಕ್ಕು ಬರೆದಿಡಿ.