ಅಧಿಸೂಚನೆ ಸಾಲದು, ಸಂಸತ್ತಿನ ಕಾಯ್ದೆ ಬೇಕು

ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವರಾದ ಶ್ರೀ ಭೂಪೇಂದ್ರ ಯಾದವ್ ಅವರಿಗೆ,



ಉತ್ತರ ಕನ್ನಡ ಜಿಲ್ಲೆಯಿಂದ ಬರೆಯುತ್ತಿದ್ದೇನೆ. ಇಲ್ಲಿ ನಾವು ಕೆಲವರು ಊರೂರು ತಿರುಗಿ ಸಹಿ ಸಂಗ್ರಹಿಸುತ್ತಿದ್ದೇವೆ. ದೊಡ್ಡ ಯೋಜನೆಗಳಿಂದ ಪರಿಸರಕ್ಕೆ ಏನಾಗುತ್ತದೆಂದು ಮೊದಲೇ ಅಳೆಯುವ, ಜನರ ಅಹವಾಲು ಕೇಳುವ ನಿಯಮ ಸಂಸತ್ತು ಅಂಗೀಕರಿಸಿದ ಕಾಯ್ದೆಯಾಗಬೇಕು ಎಂಬುದು ನಮ್ಮ ಬೇಡಿಕೆ. ಸಹಿ ಹಾಕುವವರಲ್ಲಿ ಅನೇಕರು ಅಚ್ಚರಿಯಿಂದ ಕೇಳುತ್ತಾರೆ: "ಅದು ಈಗ ಕಾಯ್ದೆ ಅಲ್ವಾ?" ಅಲ್ಲ. ಅದೊಂದು ಅಧಿಸೂಚನೆ.

ಭೋಪಾಲದ ಅನಿಲ ದುರಂತ ನಡೆದು ಎರಡು ವರ್ಷಕ್ಕೆ, 1986ರಲ್ಲಿ, ಸಂಸತ್ತು ಪರಿಸರ ಸಂರಕ್ಷಣಾ ಕಾಯ್ದೆ ತಂದಿತು. ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯ ಎಂಬ ಮಾತು ಆ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಕಾಯ್ದೆ ಕೊಟ್ಟ ಅಧಿಕಾರ ಬಳಸಿ ನಿಮ್ಮ ಸಚಿವಾಲಯ 1994ರಲ್ಲಿ ಒಂದು ಅಧಿಸೂಚನೆ ಹೊರಡಿಸಿತು. 2006ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ಗಣಿ, ಅಣೆಕಟ್ಟು, ಬಂದರು, ಹೆದ್ದಾರಿ ಎಲ್ಲವೂ ಇಂದಿಗೂ ಅದರಡಿಯಲ್ಲೇ ಬರುತ್ತವೆ. ಸಚಿವಾಲಯ ಬರೆದದ್ದನ್ನು ಸಚಿವಾಲಯವೇ ತಿದ್ದಬಹುದು. ಸದನದ ಚರ್ಚೆಯೂ ಬೇಡ, ಮತವೂ ಬೇಡ.

ಹಾಗೆ ತಿದ್ದಿದ್ದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. 2006ರ ನಿಯಮದಂತೆ 30 ಕಿಲೋಮೀಟರಿಗಿಂತ ಉದ್ದದ ರಾಷ್ಟ್ರೀಯ ಹೆದ್ದಾರಿ ವಿಸ್ತರಣೆಗೆ, ಹೆಚ್ಚುವರಿಯಾಗಿ 20 ಮೀಟರಿಗಿಂತ ಅಗಲದ ಜಾಗ ಬೇಕಾದರೆ, ಪರಿಸರ ಅನುಮತಿ ಪಡೆಯಬೇಕಿತ್ತು. 2013ರಲ್ಲಿ ಅದು 100 ಕಿಲೋಮೀಟರ್, 40 ಮೀಟರ್ ಆಯಿತು. ಆಗ ಬೇರೆ ಸರ್ಕಾರವಿತ್ತು, ಹಾಗಾಗಿ ಇದು ಪಕ್ಷದ ಮಾತಲ್ಲ. 2020ರ ಮಾರ್ಚ್ 28ರಂದು, ದೇಶವೆಲ್ಲ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿ ಕುಳಿತಿದ್ದಾಗ, ರಸ್ತೆ, ಕೊಳವೆಮಾರ್ಗದಂಥ ಕಾಮಗಾರಿಗಳಿಗೆ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡವೆಂದು ಇನ್ನೊಂದು ತಿದ್ದುಪಡಿ ಬಂತು. ಜನರ ಆಕ್ಷೇಪಣೆ ಕೇಳಲಿಲ್ಲ. ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ಆ ವಿನಾಯಿತಿಯನ್ನು ರದ್ದು ಮಾಡಿತು. ನಡುವಿನ ನಾಲ್ಕು ವರ್ಷ ಅಗೆದ ಮಣ್ಣನ್ನು ಯಾವ ತೀರ್ಪು ವಾಪಸು ತಂದೀತು?

2020ರ ಅದೇ ಮಾರ್ಚಿನಲ್ಲಿ ನಿಯಮವನ್ನೇ ಹೊಸದಾಗಿ ಬರೆಯುವ ಕರಡೂ ಹೊರಬಿತ್ತು. ಅಹವಾಲು ಸಭೆಗೆ ಮುನ್ನ ಜನರಿಗೆ ಸಿಗುತ್ತಿದ್ದ 30 ದಿನವನ್ನು 20ಕ್ಕೆ ಇಳಿಸುವ, ಅನುಮತಿಯಿಲ್ಲದೆ ಶುರು ಮಾಡಿದ ಕೆಲಸಕ್ಕೆ ಆಮೇಲೆ ಒಪ್ಪಿಗೆ ಕೊಡುವ ಅವಕಾಶಗಳು ಅದರಲ್ಲಿದ್ದವು. ಕರಡು ಬಂದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಸಂವಿಧಾನದ ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಲ್ಲೂ ಕೊಡಿ ಎಂದು ದೆಹಲಿ ಹೈಕೋರ್ಟ್ ಹೇಳಿದರೆ, ಕೇಂದ್ರ ಸರ್ಕಾರ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಂತಿಮ ಅಧಿಸೂಚನೆ ಪ್ರಕಟಿಸದಂತೆ ನಮ್ಮ ಕರ್ನಾಟಕ ಹೈಕೋರ್ಟ್ ಆಗಸ್ಟಿನಲ್ಲಿ ತಡೆ ಕೊಟ್ಟಿತು. ದೇಶದ ಮೂಲೆಮೂಲೆಯಿಂದ ಲಕ್ಷಗಟ್ಟಲೆ ಆಕ್ಷೇಪಣೆಗಳು ಹೋದವು. ಆ ಕರಡು ಅಂತಿಮವಾಗಲಿಲ್ಲ. ಓದಿದ ಜನ ಉತ್ತರ ಕೊಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೂ ಭಾಷೆಯ ಗೋಳು ಮುಗಿದಿಲ್ಲ. ಅಹವಾಲು ಸಭೆಗೆ ಬರುವ ಅಡಿಕೆ ಬೆಳೆಗಾರರಿಗೆ, ಮೀನುಗಾರ ಹೆಂಗಸರಿಗೆ ಕನ್ನಡದಲ್ಲಿ ಸಿಗುವುದು ವರದಿಯ ಸಾರಾಂಶ ಮಾತ್ರ. ಯಾವ ಹಳ್ಳದ ನೀರು ತಿರುಗುತ್ತದೆ, ಯಾವ ಸರ್ವೆ ನಂಬರಿನಲ್ಲಿ ಮಣ್ಣು ಸುರಿಯುತ್ತಾರೆ ಎಂಬ ವಿವರವಿರುವುದು ನೂರಾರು ಪುಟಗಳ ಇಂಗ್ಲಿಷ್ ವರದಿಯಲ್ಲಿ. ಓದಲಾಗದ ಕಾಗದದ ಮೇಲೆ ಅಭಿಪ್ರಾಯ ಕೇಳುವುದು ಅನ್ಯಾಯ.

ಶಿಕ್ಷೆಯ ವಿಷಯಕ್ಕೆ ಬರುತ್ತೇನೆ. 1986ರ ಕಾಯ್ದೆ ಮುರಿದವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದಿತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು. ದಂಡ ಕಟ್ಟದಿದ್ದರೆ ಮಾತ್ರ ಜೈಲಿನ ಪ್ರಶ್ನೆ. ಸಣ್ಣಪುಟ್ಟ ಕಾಗದಪತ್ರದ ಲೋಪಕ್ಕೆ ಜೈಲು ಬೇಡ ಎಂಬ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಗೊತ್ತಿದ್ದೂ ನದಿಗೆ ವಿಷ ಬಿಟ್ಟವರೂ ಇದೇ ದಂಡ ಕಟ್ಟಿ ಎದ್ದು ಹೋಗಬಹುದೆ? ನೂರಾರು ಕೋಟಿ ವ್ಯವಹಾರದ ಕಂಪನಿಗೆ 15 ಲಕ್ಷ ಒಂದು ಖರ್ಚಿನ ಬಾಬತ್ತು, ಅಷ್ಟೆ.

ಕೋರ್ಟು ನೋಡಿಕೊಳ್ಳುತ್ತದೆ ಎಂದು ಸುಮ್ಮನಿರುವಂತೆಯೂ ಇಲ್ಲ. ಕೆಲಸ ಮುಗಿಸಿ ಆಮೇಲೆ ಅನುಮತಿ ಪಡೆಯುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತಳ್ಳಿಹಾಕಿತು. ನವೆಂಬರಿನಲ್ಲಿ ಮೂವರ ಪೀಠ ಇಬ್ಬರ ಬಹುಮತದಿಂದ ಆ ತೀರ್ಪನ್ನೇ ಹಿಂಪಡೆಯಿತು. ಅನುಮತಿ ಮೊದಲು, ಕೆಲಸ ಆಮೇಲೆ ಎಂಬುದು ಕಾಯ್ದೆಯಲ್ಲೇ ಸ್ಪಷ್ಟವಾಗಿದ್ದರೆ ಈ ತೂಗುಯ್ಯಾಲೆಗೆ ಎಡೆಯೇ ಇರುತ್ತಿರಲಿಲ್ಲ.

2024ರ ಜುಲೈ 16ರಂದು ನಮ್ಮದೇ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿಯಿತು. ಚಹಾದಂಗಡಿಯ ಸಂಸಾರ ಹೋಯಿತು, ಲಾರಿ ಗಂಗಾವಳಿ ನದಿಯ ಪಾಲಾಯಿತು, ಆಚೆ ದಡದ ಉಳುವರೆಯ ಮನೆಗಳಿಗೆ ನೀರು ನುಗ್ಗಿತು. ಆ ಕುಸಿತಕ್ಕೂ ಮೇಲೆ ಹೇಳಿದ ಯಾವುದೋ ಒಂದು ತಿದ್ದುಪಡಿಗೂ ನಾನು ಗಂಟು ಹಾಕುತ್ತಿಲ್ಲ. ಕಡಿದ ಗುಡ್ಡಗಳ ಕೆಳಗೆ ಬದುಕುವವರಿಗೆ ಗಟ್ಟಿ ಕಾನೂನು ಏಕೆ ಬೇಕೆಂದು ಹೇಳುತ್ತಿದ್ದೇನೆ. ಎರಡು ವಾರಕ್ಕೆ ಕೇರಳದ ವಯನಾಡಿನಲ್ಲಿ ಗುಡ್ಡ ಜರಿಯಿತು. ಮರುದಿನ, ಜುಲೈ 31ರಂದು, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಅಧಿಸೂಚನೆಯ ಆರನೇ ಕರಡನ್ನು ನೀವು ಪ್ರಕಟಿಸಿದಿರಿ. ಮೊದಲ ಕರಡು ಬಂದದ್ದು 2014ರಲ್ಲಿ. ನಮ್ಮ ರಾಜ್ಯ ಸರ್ಕಾರವೂ ಆ ಅಧಿಸೂಚನೆ ಬೇಡವೆಂದಿದೆ. ಮಲೆನಾಡಿನ ರೈತರ ಭಯ ಸುಳ್ಳಲ್ಲ. ಇವತ್ತು ಗಣಿಗೆ ನಿಷೇಧ ಎಂದವರು ನಾಳೆ ಇನ್ನೊಂದು ಅಧಿಸೂಚನೆ ತಂದು ತೋಟಕ್ಕೂ ಕೈಹಾಕಿದರೆ ಏನು ಗತಿ ಎಂದು ಅವರು ಕೇಳುತ್ತಾರೆ. ಸಾಗುವಳಿಗೆ, ವಾಸದ ಮನೆಗೆ ತೊಂದರೆಯಿಲ್ಲ ಎಂದು ಸಂಸತ್ತಿನ ಕಾಯ್ದೆಯಲ್ಲಿ ಬರೆದುಕೊಟ್ಟರೆ ಆ ಭಯಕ್ಕೆ ಉತ್ತರ ಸಿಗುತ್ತದೆ. ರೈತನಿಗೂ ಕಾಡಿಗೂ ಬೇಕಾಗಿರುವುದು ಸುಲಭಕ್ಕೆ ಬದಲಾಗದ ಮಾತು.

ಆದ್ದರಿಂದ ಪರಿಸರ ಪರಿಣಾಮ ಅಧ್ಯಯನದ ಮಸೂದೆಯೊಂದನ್ನು ಸಂಸತ್ತಿನ ಮುಂದೆ ತನ್ನಿ. ಪೂರ್ವಾನುಮತಿ, ಸ್ಥಳೀಯ ಭಾಷೆಯಲ್ಲಿ ಪೂರ್ತಿ ವರದಿ, ಬೇಕೆಂದೇ ಮಾಡಿದ ಹಾನಿಗೆ ಸೆರೆವಾಸ ಇವು ಅದರಲ್ಲಿರಲಿ. ಕರ್ನಾಟಕದ 28 ಲೋಕಸಭಾ ಸದಸ್ಯರ ಬಾಗಿಲಿಗೂ ನಮ್ಮ ಸಹಿಗಳೊಂದಿಗೆ ಹೋಗುತ್ತೇವೆ. ಈ ಮಸೂದೆಗೆ ಮತ ಹಾಕುತ್ತೀರೋ ಇಲ್ಲವೋ ಎಂದು ಕೇಳುತ್ತೇವೆ. ಕರಡನ್ನು ಕನ್ನಡದಲ್ಲೂ ಪ್ರಕಟಿಸಿ, ಓದಲು ಸಮಯ ಕೊಡಿ. ನಾವು ಓದಿ ಉತ್ತರ ಬರೆಯುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಉತ್ತರ ಕನ್ನಡದ ಒಬ್ಬ ಮತದಾರ