ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆಯೇ? ಹಳೆಯ ಕ್ಯಾಂಪರ್ ವ್ಯಾನ್ ಇರುವವರು ತಿಳಿದಿರಬೇಕಾದ ಸಂಗತಿಗಳು

ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಅಳವಡಿಸಿಕೊಂಡ ಹಳೆಯ ಡೀಸೆಲ್ ವ್ಯಾನ್‌ನಲ್ಲಿ ಸಕಲೇಶಪುರ, ಆಲೂರು, ಬಿಸಿಲೆಯ ಕಡೆ ಹೊರಡುವ ಆಸೆ ಈಗ ಹಲವರಿಗಿದೆ. ಹೀಗೆ ಮನೆಯಾಗುವ ವಾಹನಗಳಲ್ಲಿ ಟೆಂಪೊ ಟ್ರಾವೆಲರ್‌ಗಳೂ ಇವೆ. ಹಳೆಯ ಟ್ರಾವೆಲರ್‌ನಲ್ಲಿ ಇರುವುದು ಮರ್ಸಿಡಿಸ್ ಕಂಪನಿಯ ಓಎಂ 616 ಮೂಲದ ಎಂಜಿನ್. ಸರಳ, ಗಟ್ಟಿ, ಯಾವ ಊರಿನ ಗ್ಯಾರೇಜಿನಲ್ಲೂ ಬಿಚ್ಚಿ ಜೋಡಿಸಬಹುದಾದದ್ದು. ಆದರೆ ಹಳೆಯ ಡೀಸೆಲ್ ಗಾಡಿಗಳ ಸುತ್ತ ಹಳೆಯ ನಂಬಿಕೆಗಳೂ ಬೆಳೆದಿವೆ. ಅವುಗಳಲ್ಲಿ ಕೆಲವು ದುಡ್ಡು ಕಳೆಯುತ್ತವೆ, ಕೆಲವು ಪ್ರಾಣವನ್ನೇ ತೆಗೆಯಬಲ್ಲವು. ಒಂದೊಂದನ್ನೇ ನೋಡೋಣ.

ನಂಬಿಕೆ 1: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ

ಇಲ್ಲ. ಗೇರಿನಲ್ಲಿದ್ದಾಗ ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ಆಗ ಡೀಸೆಲ್ ಪಂಪಿನ ಗವರ್ನರ್ ಇಂಧನವನ್ನು ನಿಲ್ಲಿಸಿಬಿಡುತ್ತದೆ. ಹಳೆಯ ಮೆಕ್ಯಾನಿಕಲ್ ಪಂಪ್ ಆದರೂ ಅಷ್ಟೇ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ತಾನಾಗಿಯೇ ತಿರುಗುತ್ತಿರಬೇಕು, ಅದಕ್ಕೆ ಡೀಸೆಲ್ ಬೇಕೇ ಬೇಕು. ಅಂದರೆ ಬ್ರೇಕ್ ಹಿಡಿದುಕೊಂಡೇ ಇಳಿಯಬೇಕಾದ ಘಾಟಿಯಲ್ಲಿ ಉಳಿತಾಯವಾಗುವುದು ಗೇರಿನಲ್ಲಿ ಇಳಿದಾಗಲೇ.

ದೊಡ್ಡ ಸಮಸ್ಯೆ ಇರುವುದು ಬ್ರೇಕಿನಲ್ಲಿ. ಒಂದು ಲೆಕ್ಕ ಮಾಡೋಣ. ಮೂರೂವರೆ ಟನ್ ತೂಕದ ವ್ಯಾನ್ 700 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 24 ಮೆಗಾಜೌಲ್. ಸುಮಾರು 75 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಾಖ ಸಾಕು. ಒಂದಿಷ್ಟನ್ನು ಗಾಳಿ ಮತ್ತು ಟಯರುಗಳು ನುಂಗುತ್ತವೆ. ಉಳಿದದ್ದು ಎಲ್ಲಿಗೆ ಹೋಗಬೇಕು? ಗೇರಿನಲ್ಲಿದ್ದರೆ ಎಂಜಿನ್ ಒಂದು ಪಾಲು ಹೊರುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಎಲ್ಲವೂ ಬ್ರೇಕ್ ಡ್ರಮ್ ಮತ್ತು ಡಿಸ್ಕ್‌ಗಳ ತಲೆಗೆ ಬೀಳುತ್ತದೆ. ಅವು ಕಾದಂತೆ ಹಿಡಿತ ಸಡಿಲವಾಗುತ್ತದೆ. ಸುಟ್ಟ ವಾಸನೆ ಬಂತೆಂದರೆ ಅದು ಕೊನೆಯ ಎಚ್ಚರಿಕೆ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಲು ಎಡಕುಮೇರಿಯ ರೈಲು ಹಳಿಯನ್ನು ನೋಡಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಈ ಹಾದಿಯಲ್ಲಿ ಓಡಾಡಿದ ಡೀಸೆಲ್ ಎಂಜಿನ್‌ಗಳು ಇಳಿಯುವಾಗ ಬರೀ ಬ್ರೇಕನ್ನೇ ನಂಬಿದ್ದಲ್ಲ. ಚಕ್ರ ತಿರುಗಿಸುವ ಮೋಟಾರುಗಳನ್ನೇ ಜನರೇಟರ್‌ಗಳಾಗಿ ಮಾಡಿ, ಹುಟ್ಟಿದ ವಿದ್ಯುತ್ತನ್ನು ಶಾಖವಾಗಿ ಹೊರಹಾಕುವ ಡೈನಾಮಿಕ್ ಬ್ರೇಕನ್ನೂ ಬಳಸುತ್ತವೆ. ನಿಮ್ಮ ವ್ಯಾನಿಗೆ ಆ ಕೆಲಸ ಮಾಡಿಕೊಡುವುದು ಕೆಳಗಿನ ಗೇರು.

ಇನ್ನೊಂದು ಮಾತು. ಹಳೆಯ ಡೀಸೆಲ್ ಎಂಜಿನ್‌ಗೆ ಪೆಟ್ರೋಲ್ ಎಂಜಿನ್‌ನಂತೆ ಗಾಳಿ ತಡೆಯುವ ಥ್ರಾಟಲ್ ಇಲ್ಲ. ಹಾಗಾಗಿ ಕಾಲು ತೆಗೆದಾಗ ಅದು ಗಾಡಿಯನ್ನು ಹಿಡಿಯುವುದೂ ಕಡಿಮೆ. ಮೂರನೇ ಗೇರು ಸಾಕೆನಿಸಿದಲ್ಲಿ ಎರಡಕ್ಕೆ ಇಳಿಸಿ. ಗೇರು ಇಳಿಸಬೇಕಾದದ್ದು ಇಳಿಜಾರು ಶುರುವಾಗುವ ಮೊದಲು, ವೇಗ ಹೆಚ್ಚಾದ ಮೇಲಲ್ಲ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಬೇಡವೇ ಬೇಡ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಎಂಜಿನ್ ಜೊತೆಗೇ ನಿಲ್ಲುತ್ತದೆ. ಕೆಲವು ಸಲ ತುಳಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ.

ನಂಬಿಕೆ 2: ಬ್ರೇಕ್ ಆಯಿಲ್ ಕಡಿಮೆಯಾದರೆ ಹಾಕಿದರಾಯಿತು, ಬದಲಿಸಬೇಕಿಲ್ಲ

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿಯವರೆಗೂ ಕುದಿಯಬಾರದು ಎನ್ನುವುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆಗಳಾಗುತ್ತವೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಆಯಿಲ್ ಬದಲಿಸಬೇಕು.

ನಂಬಿಕೆ 3: ಹಳೆಯ ಡೀಸೆಲ್ ಗಾಡಿ ಅಂದಮೇಲೆ ಹೊಗೆ ಸಹಜ

ಹೊಗೆಯ ಬಣ್ಣ ಎಂಜಿನ್ ಬರೆದ ಚೀಟಿ ಇದ್ದಂತೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಆಮೇಲೆ ನಾಜಲ್ ಮತ್ತು ಪಂಪ್. ಕಡಿಮೆ ಖರ್ಚಿನದ್ದನ್ನು ಮೊದಲು ಪರೀಕ್ಷಿಸುವುದೇ ಜಾಣತನ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದರೆ ಅದು ಸರಿಯಾಗಿ ಉರಿಯದ ಡೀಸೆಲ್. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಒತ್ತಿದ ಗಾಳಿಯ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಆ ಶಾಖ ಸಾಲದಾದಾಗ ನೆರವಾಗುವುದು ಹೀಟರ್ ಪ್ಲಗ್. ಒಂದೆರಡು ಪ್ಲಗ್ ಕೆಟ್ಟಿದ್ದರೆ ಬೆಳಗಿನ ಸ್ಟಾರ್ಟಿಂಗ್ ಕಷ್ಟವಾಗುತ್ತದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ.

ಏರು ಹತ್ತುವಾಗ ಎಂಜಿನ್ ಕಾದರೆ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒಳಗಿನ ನೀರು ಒತ್ತಡದಿಂದಾಗಿ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಬಿದ್ದು ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಎಂಜಿನ್ ತಾನಾಗಿ ತಣ್ಣಗಾಗಲು ಬಿಡಿ.

ನಂಬಿಕೆ 4: ಹೊಸ ಡೀಸೆಲ್ ಹಳೆಯ ಪಂಪನ್ನು ಹಾಳು ಮಾಡುತ್ತದೆ, ಸೀಮೆಎಣ್ಣೆ ಬೆರೆಸಬೇಕು

ಇದರಲ್ಲಿ ಅರ್ಧ ಸತ್ಯವಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಬಿಎಸ್ 6 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಗಂಧಕ ತೆಗೆಯುವಾಗ ಡೀಸೆಲ್‌ನ ಸಹಜ ಜಾರುಗುಣವೂ ಕಡಿಮೆಯಾಗುತ್ತದೆ, ನಿಜ. ಆದರೆ ಅದನ್ನು ಸರಿದೂಗಿಸಲು ಬೇರೆ ಪದಾರ್ಥ ಬೆರೆಸಿಯೇ ಮಾರುತ್ತಾರೆ, ಅದಕ್ಕೂ ಮಾನದಂಡವಿದೆ. ಸೀಮೆಎಣ್ಣೆ ಬೆರೆಸಿದರೆ ಜಾರುಗುಣ ಇನ್ನಷ್ಟು ಕಡಿಮೆಯಾಗುತ್ತದೆ. ಯಾವ ಪಂಪನ್ನು ಉಳಿಸಲು ಹೊರಟಿರೋ ಅದೇ ಸವೆಯುತ್ತದೆ.

ಇಲ್ಲಿನ ನಿಜವಾದ ಶತ್ರು ನೀರು. ತಿಂಗಳುಗಟ್ಟಲೆ ನಿಂತ ವ್ಯಾನಿನ ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ರಾತ್ರಿ ತಣ್ಣಗಾಗಿ ಹನಿಗಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ತಳದಲ್ಲಿ ನಿಲ್ಲುತ್ತದೆ. ಎರಡೂ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸಿ, ಹೊರಡುವ ಮೊದಲು ಫಿಲ್ಟರ್ ತಳದ ತಿರುಪು ಸಡಿಲಿಸಿ ನೀರು ಬಸಿಯಿರಿ. ಫಿಲ್ಟರ್ ಬದಲಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ಬಹುಪಾಲು ಏರ್ ಲಾಕ್ ಆಗಿರುತ್ತದೆ. ಹ್ಯಾಂಡ್ ಪಂಪ್ ಒತ್ತಿ ಗಾಳಿ ಹೊರಹಾಕಿದರೆ ಸಾಕು.

ನಂಬಿಕೆ 5: ಡೀಸೆಲ್ ಹೊಗೆಯಿಂದ ಪ್ರಾಣಾಪಾಯವಿಲ್ಲ

ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಪೆಟ್ರೋಲ್‌ಗಿಂತ ಕಡಿಮೆ. ಆದರೆ ಕಡಿಮೆ ಎಂದರೆ ಇಲ್ಲ ಎಂದಲ್ಲ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು, ಮಲಗಿದವರನ್ನು ಮಲಗಿದಂತೆಯೇ ಕೊಲ್ಲುತ್ತದೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತಿದ್ದರು. ಜನರೇಟರ್‌ನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಒಳಗೆ ನುಗ್ಗಿದ್ದೇ ಕಾರಣವೆಂದು ತನಿಖೆಯಲ್ಲಿ ಕಂಡುಬಂತು.

ಮಳೆ, ಚಳಿ ಎಂದು ಕಿಟಕಿಗಳನ್ನೆಲ್ಲ ಮುಚ್ಚಿ ಒಳಗೆ ಗ್ಯಾಸ್ ಒಲೆ ಅಥವಾ ಇದ್ದಿಲು ಹಚ್ಚುವುದೂ ಅಷ್ಟೇ ಅಪಾಯ. ಎಂಜಿನ್ ಅಥವಾ ಜನರೇಟರ್ ಓಡುತ್ತಿರುವಾಗ ಒಳಗೆ ಮಲಗಬೇಡಿ. ಸೈಲೆನ್ಸರ್ ಪೈಪು ಮತ್ತು ನೆಲದ ತಗಡಿನಲ್ಲಿ ತೂತುಗಳಿವೆಯೇ ಎಂದು ವರ್ಷಕ್ಕೊಮ್ಮೆ ನೋಡಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಹಾಸಿಗೆಯ ಹತ್ತಿರ ಹಾಕಿಸಿ. ಎಲ್ಲರಿಗೂ ಒಟ್ಟಿಗೇ ತಲೆನೋವು, ಓಕರಿಕೆ ಶುರುವಾದರೆ ಊಟದ ಮೇಲೆ ಅನುಮಾನ ಪಡುವ ಮೊದಲು ಎಲ್ಲರೂ ಹೊರಗೆ ಬನ್ನಿ.

ಹಾಗಾದರೆ ಏನು ಮಾಡಬೇಕು?

ವ್ಯಾನನ್ನು ಮನೆಯಾಗಿ ಬದಲಿಸಿದ್ದರೆ ಅದಕ್ಕೆ ಆರ್‌ಟಿಒ ಅನುಮತಿ ಪಡೆಯಿರಿ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದನ್ನೇ ಹೇಳುತ್ತದೆ. ನೀರು, ಹಾಸಿಗೆ, ಸಾಮಾನುಗಳನ್ನೆಲ್ಲ ತುಂಬಿಸಿ ವೇ ಬ್ರಿಡ್ಜಿನಲ್ಲಿ ಒಮ್ಮೆ ತೂಕ ಹಾಕಿಸಿ. ಬ್ರೇಕಿನ ಮೇಲೆ ಬೀಳುವುದು ಆ ತೂಕವೇ. ಹೊರಡುವ ಮುನ್ನ ಬ್ರೇಕ್, ಟಯರ್, ಕೂಲೆಂಟ್, ಎಂಜಿನ್ ಆಯಿಲ್, ಡೀಸೆಲ್ ಫಿಲ್ಟರ್ ಈ ಐದನ್ನು ನೋಡಲು ಅರ್ಧ ಗಂಟೆ ಸಾಕು. ಹಳೆಯ ಗಾಡಿ ಕೆಡುವ ಮೊದಲು ವಾಸನೆ, ಸದ್ದು, ಹೊಗೆಯ ಮೂಲಕ ಸೂಚನೆ ಕೊಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಮಾತ್ರ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಆದ್ದರಿಂದ ದುಡ್ಡು ಒಂದೇ ವಸ್ತುವಿಗೆ ಸಾಕಾಗುವಷ್ಟಿದ್ದರೆ ಮೊದಲು ಅಲಾರಂ ಕೊಳ್ಳಿ.